ಕುದುರೆ ಮೆಂತೆಯ ಅರೆಗೆಲುವು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಆಲ್ಫಾಲ್ಫಾ ಎಂಬ ಮೇವಿನ ಬೆಳೆಯ ತಳಿಗಳಿಗೆ ದರ್ಜೆ ಕಟ್ಟುವ ಪದ್ಧತಿಯೊಂದುಂಟು. ಒಂದು ತಳಿಯ ನೂರು ಗಿಡಗಳಿಗೆ ಒಂದು ರೋಗವನ್ನು ತಗುಲಿಸಿ ನೋಡುತ್ತಾರೆ. ಐದಕ್ಕಿಂತ ಹೆಚ್ಚು ಗಿಡಗಳು ತಾಳಿಕೊಳ್ಳದಿದ್ದರೆ ಅದು ಆ ರೋಗಕ್ಕೆ ಈಡಾಗುವ ತಳಿ. ಆರರಿಂದ ಹದಿನಾಲ್ಕು ಗಿಡಗಳು ತಾಳಿದರೆ ಅಲ್ಪ ನಿರೋಧಕ, ಹದಿನೈದರಿಂದ ಮೂವತ್ತಾದರೆ ಮಧ್ಯಮ, ಮೂವತ್ತೊಂದರಿಂದ ಐವತ್ತಾದರೆ ನಿರೋಧಕ. ಐವತ್ತನ್ನು ಮೀರಿತೆಂದರೆ ಅದು ‘ಅತಿ ನಿರೋಧಕ’. ಅದಕ್ಕಿಂತ ಮೇಲಿನ ದರ್ಜೆಯೇ ಇಲ್ಲ. ಗಣಿತದ ಪರೀಕ್ಷೆಯಲ್ಲಿ ನೂರಕ್ಕೆ ಐವತ್ತೊಂದು ಅಂಕ ಪಡೆದವನಿಗೆ ಪ್ರಥಮ ಬಹುಮಾನ ಕೊಡುವ ಶಾಲೆ ಇದ್ದರೆ ನಮ್ಮ ವಿದ್ಯಾರ್ಥಿ ವಾಚಕರು ಸಂತೋಷಪಟ್ಟಾರು. ಅವರ ತಂದೆತಾಯಿಗಳು ಮಾತ್ರ ಶಾಲೆಯನ್ನು ಬದಲಿಸಿಯಾರು.

ಬೀಜದ ಚೀಲದ ಮೇಲೆ ‘ಅತಿ ನಿರೋಧಕ’ ಎಂದು ಓದಿದ ಕೃಷಿಕನು ತನ್ನ ಹೊಲದಲ್ಲಿ ಅರ್ಧದಷ್ಟು ಗಿಡಗಳು ರೋಗಕ್ಕೆ ಬಲಿಯಾಗಬಲ್ಲವು ಎಂದು ತಿಳಿದಾಗ ಮೋಸಹೋದೆನೆಂದು ಭಾವಿಸಿದರೆ ಅದು ಸಹಜವೇ. ಆದರೆ ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಮೋಸವಿಲ್ಲ. ಸಸ್ಯಪೀಡೆಗಳ ಮೇಲೆ ಮನುಷ್ಯನು ಪಡೆದ ಗೆಲುವುಗಳಲ್ಲಿ ಬಹುಕಾಲ ನಿಂತವುಗಳ ಪೈಕಿ ಕೆಲವು ಈ ಅರೆಗೆಲುವಿನ ಜಾತಿಗೇ ಸೇರಿದವು. ಪೂರ್ಣ ವಿಜಯದ ಆಸೆಯೇ ಹಲವು ಕಡೆ ನಮಗೆ ಕೇಡು ತಂದಿದೆ.

ಆಲ್ಫಾಲ್ಫಾ ಎಂದರೆ ಬೇರಾವುದೂ ಅಲ್ಲ, ನಮ್ಮ ರೈತರು ಲೂಸರ್ನ್ ಎಂದೂ ಕುದುರೆ ಮೆಂತೆ ಎಂದೂ ಕರೆಯುವ ಗಿಡ. ಅವರೆ, ತೊಗರಿಗಳ ಕುಲಕ್ಕೆ ಸೇರಿದುದು. ಬೇರಿನ ಗಂಟುಗಳಲ್ಲಿ ವಾಯುವಿನ ಸಾರಜನಕವನ್ನು ಹಿಡಿದಿಡಬಲ್ಲುದು. ಒಮ್ಮೆ ಬಿತ್ತಿದರೆ ಮೂರು ನಾಲ್ಕು ವರ್ಷ, ಕೆಲವು ಕಡೆ ಅದಕ್ಕೂ ಹೆಚ್ಚು ಕಾಲ ನಿಲ್ಲುತ್ತದೆ. ನೀರಾವರಿಯಿರುವ ಬಿಸಿಪ್ರದೇಶದಲ್ಲಿ ತಿಂಗಳಿಗೊಮ್ಮೆ ಕುಯ್ಯಬಹುದು. ಈ ಗುಣವೇ ಅದರ ಸಂಕಟಕ್ಕೂ ಮೂಲ. ರಾಗಿಯಾದರೆ ನಾಲ್ಕು ತಿಂಗಳಲ್ಲಿ ಕಣಕ್ಕೆ ಬಂದುಬಿಡುತ್ತದೆ. ಮುಂದಿನ ವರ್ಷ ರೈತನು ಬೇಕಾದರೆ ಹೊಲವನ್ನೇ ಬದಲಿಸಬಲ್ಲನು. ಕುದುರೆ ಮೆಂತೆ ನಿಂತಲ್ಲೇ ನಿಂತಿರಬೇಕು. ಶತ್ರುಗಳಿಗೆ ಅದರ ವಿಳಾಸ ಗೊತ್ತು. ಅಲ್ಲದೆ ಪ್ರತಿ ಕುಯಿಲೂ ಒಂದು ಗಾಯ. ಗಾಯವಾದಲ್ಲೆಲ್ಲ ಸೂಕ್ಷ್ಮಜೀವಿಗಳಿಗೆ ಬಾಗಿಲು ತೆರೆದಂತೆ.

1857ರಲ್ಲಿ ವೆಂಡೆಲಿನ್ ಗ್ರಿಮ್ ಎಂಬ ಜರ್ಮನ್ ರೈತನು ಬಾಡೆನ್ ಸೀಮೆಯನ್ನು ಬಿಟ್ಟು ಅಮೆರಿಕದ ಮಿನೆಸೋಟಕ್ಕೆ ಬಂದು ನೆಲಸಿದನು. ಬರುವಾಗ ಊರಿನಿಂದ ಒಂದು ಸಣ್ಣ ಗಂಟು ಬೀಜವನ್ನೂ ತಂದಿದ್ದನು. ಮಿನೆಸೋಟದ ಹಿಮಗಾಲ ಬಾಡೆನ್ನಿನದಕ್ಕಿಂತ ಬಹಳ ಕ್ರೂರ. ಮೊದಲ ಚಳಿಯಲ್ಲಿಯೇ ಹೆಚ್ಚಿನ ಗಿಡಗಳು ಸತ್ತವು. ಉಳಿದವುಗಳ ಬೀಜವನ್ನು ಗ್ರಿಮ್ ಮತ್ತೆ ಬಿತ್ತಿದನು. ಮರುವರ್ಷವೂ ಹಾಗೆಯೇ ಮಾಡಿದನು. ಸಸ್ಯತಳಿಶಾಸ್ತ್ರವನ್ನು ಆತನು ಓದಿರಲಿಲ್ಲ. ಮೆಂಡಲನ ಬಟಾಣಿಯ ಪ್ರಬಂಧವೇ ಆಗಿನ್ನೂ ಪ್ರಕಟವಾಗಿರಲಿಲ್ಲ. ಆದರೂ ವರ್ಷಗಳು ಕಳೆದಂತೆ ಚಳಿಗೆ ಜಗ್ಗದ ಒಂದು ತಳಿ ಆತನ ಹೊಲದಲ್ಲಿ ಸಿದ್ಧವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉತ್ತರ ಅಮೆರಿಕದ ಶೀತಪ್ರದೇಶಗಳಿಗೆಲ್ಲ ಗ್ರಿಮ್ ತಳಿ ಹರಡಿತು.

ಚಳಿಯನ್ನು ಗೆದ್ದ ಆ ತಳಿಯನ್ನು ಕಣ್ಣಿಗೆ ಕಾಣದ ಬೇರೊಂದು ಶತ್ರು ಸೋಲಿಸಿತು. ಹೊಲಗಳು ಮೂರನೆಯ ಇಲ್ಲವೆ ನಾಲ್ಕನೆಯ ವರ್ಷದಲ್ಲಿ ಕಾರಣವಿಲ್ಲದೆ ತೆಳುವಾಗತೊಡಗಿದವು. ಗಿಡ ಕುಳ್ಳಾಗಿ, ಎಲೆ ಹಳದಿ ತಿರುಗಿ, ಕೊನೆಗೆ ಬಾಡಿ ಸಾಯುವುದು. ಬೇರಿನ ಸಿಪ್ಪೆಯನ್ನು ಸುಲಿದರೆ ಒಳಗೆ ಹಳದಿಮಿಶ್ರ ಕಂದು ಬಣ್ಣ. 1920ರ ದಶಕದ ನಡುವಿನಲ್ಲಿ ಇದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗವೆಂದು ಗೊತ್ತಾಯಿತು. ಗಾಯಗಳ ಮೂಲಕ ಒಳಹೊಕ್ಕ ಸೂಕ್ಷ್ಮಜೀವಿಗಳು ನೀರೇರುವ ನಾಳಗಳನ್ನು ಸೇರಿ ಗಿಡವನ್ನು ಒಳಗಿನಿಂದಲೇ ಬಾಯಾರಿಸಿ ಕೊಲ್ಲುತ್ತಿದ್ದವು. ಇದಕ್ಕೆ ಔಷಧವಿರಲಿಲ್ಲ. ಈಗಲೂ ಇಲ್ಲ.

ಉಳಿದದ್ದು ಒಂದೇ ದಾರಿ: ರೋಗಕ್ಕೆ ಜಗ್ಗದ ಗಿಡ ಎಲ್ಲಿಯಾದರೂ ಇದೆಯೇ ಎಂದು ಹುಡುಕುವುದು. ಸಿಕ್ಕಿದುದು ವಿಚಿತ್ರವಾದ ಮೂಲೆಗಳಿಂದ. ದಕ್ಷಿಣ ಡಕೋಟದ ಪ್ರಾಧ್ಯಾಪಕ ನೀಲ್ಸ್ ಹ್ಯಾನ್ಸನ್ 1897ರಿಂದ ಮೊದಲುಗೊಂಡು ರಷ್ಯ, ತುರ್ಕಿಸ್ತಾನ, ಸೈಬೀರಿಯಗಳನ್ನು ಸುತ್ತಿ ಮೇವಿನ ಬೀಜಗಳನ್ನು ಕೂಡಿಸಿ ತಂದಿದ್ದರು. 1910ರಲ್ಲಿ ನಮ್ಮ ದೇಶದ ಲಡಾಖಿನಿಂದಲೂ ಒಂದು ಬೀಜ ಅಮೆರಿಕಕ್ಕೆ ಹೋಗಿತ್ತು. ‘ಲಡಾಕ್’ ಎಂಬ ಹೆಸರಿನಿಂದಲೇ ಅದು ಅಲ್ಲಿ ಪ್ರಸಿದ್ಧವಾಯಿತು. ತುರ್ಕಿಸ್ತಾನದ ಬೀಜ, ಹ್ಯಾನ್ಸನ್ ತಂದ ಕೊಸ್ಸಾಕ್ ಮತ್ತು ಈ ಲಡಾಕ್ — ಈ ಮೂರರಿಂದ ಆರಿಸಿದ ಗಿಡಗಳನ್ನು ಕೂಡಿಸಿ 1942ರಲ್ಲಿ ರೇಂಜರ್ ಎಂಬ ತಳಿಯನ್ನು ಬಿಡುಗಡೆ ಮಾಡಿದರು. ಮರುವರ್ಷ ಕ್ಯಾನ್ಸಸ್ ಸಂಸ್ಥಾನದ ಹಳೆಯ ನಾಟಿ ಬೀಜದಿಂದಲೇ ಆರಿಸಿದ ಬಫೆಲೊ ತಳಿ ಬಂದಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹ್ಯಾನ್ಸನ್ ಬೀಜ ತಂದದ್ದು ಸೊರಗು ರೋಗಕ್ಕಾಗಿ ಅಲ್ಲ, ಚಳಿಗೆ, ಅನಾವೃಷ್ಟಿಗೆ. ಆಗ ಆ ರೋಗದ ಹೆಸರನ್ನೇ ಯಾರೂ ಕೇಳಿರಲಿಲ್ಲ. ಕೇಳದಿದ್ದ ಪ್ರಶ್ನೆಗೆ ಉತ್ತರ ಮೂವತ್ತು ವರ್ಷ ಉಗ್ರಾಣದಲ್ಲಿ ಕಾದು ಕುಳಿತಿತ್ತು.

ಆರಿಸುವ ಕ್ರಮ ಸರಳವಾದುದು, ಆದರೆ ನಿರ್ದಾಕ್ಷಿಣ್ಯವಾದುದು. ಎಳೆಯ ಸಸಿಗಳ ಬೇರನ್ನು ಗಾಯಮಾಡಿ ಬ್ಯಾಕ್ಟೀರಿಯಾ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಹೊಲದಲ್ಲಿ ನೆಟ್ಟು ಒಂದು ಋತು ಬೆಳೆಸಿ, ಮತ್ತೆ ಕಿತ್ತು ಬೇರನ್ನು ಅಡ್ಡಲಾಗಿ ಕತ್ತರಿಸಿ ನೋಡುತ್ತಾರೆ. ಒಳಗೆ ಬಣ್ಣಗೆಟ್ಟದ್ದೆಲ್ಲ ತಿಪ್ಪೆಗೆ. ಸ್ವಚ್ಛವಾಗಿ ಉಳಿದ ಬೆರಳೆಣಿಕೆಯ ಗಿಡಗಳನ್ನು ಬಲೆಯೊಳಗೆ ನೆಟ್ಟು ಜೇನುನೊಣಗಳನ್ನು ಬಿಟ್ಟು ತಮ್ಮತಮ್ಮಲ್ಲಿಯೇ ಕೂಡುವಂತೆ ಮಾಡುತ್ತಾರೆ. ಅವುಗಳ ಬೀಜಕ್ಕೆ ಮತ್ತೆ ಅದೇ ಅಗ್ನಿಪರೀಕ್ಷೆ. ಮೊದಲ ಸಲ ನೂರಕ್ಕೆ ಎರಡೋ ಮೂರೋ ಗಿಡ ಉಳಿದಿದ್ದರೆ, ಮೂರು ನಾಲ್ಕು ಸುತ್ತುಗಳಾದ ಮೇಲೆ ಅರ್ಧಕ್ಕರ್ಧ ಉಳಿಯುತ್ತವೆ. ಗ್ರಿಮ್ ಮಾಡಿದ್ದೂ ಇದನ್ನೇ. ಆತನ ಪರವಾಗಿ ಜರಡಿ ಹಿಡಿದದ್ದು ಹಿಮ.

ಇನ್ನೂ ನಾಲ್ಕು ಸುತ್ತು ಜರಡಿ ಹಿಡಿದು ನೂರಕ್ಕೆ ನೂರು ಏಕೆ ಮಾಡಬಾರದು ಎಂದು ಕೇಳಬಹುದು. ಉತ್ತರ ಹೂವಿನಲ್ಲಿದೆ. ಬತ್ತ, ರಾಗಿಗಳ ಹೂ ತನ್ನ ಪರಾಗದಿಂದಲೇ ತಾನು ಫಲಿಸುವುದರಿಂದ ಒಂದು ಒಳ್ಳೆಯ ಗಿಡ ಸಿಕ್ಕಿತೆಂದರೆ ಅದರ ಸಂತತಿಯೆಲ್ಲ ಅಚ್ಚೊತ್ತಿದಂತೆ ಇರುತ್ತದೆ. ಕುದುರೆ ಮೆಂತೆಯ ಹೂ ಬಿಗಿಹಿಡಿದ ಬಿಲ್ಲಿನಂತೆ. ಜೇನುನೊಣ ಬಂದು ಕುಳಿತಾಗ ಒಳಗಿನ ಶಲಾಕೆ ಚಿಮ್ಮಿ ಅದರ ಗಲ್ಲಕ್ಕೆ ಬಡಿಯುತ್ತದೆ. ಆ ಪೆಟ್ಟಿನಲ್ಲಿಯೇ ಬೇರೆ ಗಿಡದ ಪರಾಗ ಅಂಟಿಕೊಳ್ಳುತ್ತದೆ. (ಒಂದೆರಡು ಏಟು ತಿಂದ ಜೇನುನೊಣ ಬುದ್ಧಿ ಕಲಿತು ಹೂವಿನ ಪಕ್ಕದಿಂದ ಮಧುವನ್ನು ಕದಿಯಲು ತೊಡಗುವುದೂ ಉಂಟು. ಆದುದರಿಂದ ಬೀಜೋತ್ಪಾದಕರಿಗೆ ಎಲೆ ಕತ್ತರಿಸುವ ಒಂಟಿ ಜೇನುಗಳ ಮೇಲೆ ಹೆಚ್ಚಿನ ಪ್ರೀತಿ.) ಬಲವಂತದಿಂದ ಸ್ವಂತ ಪರಾಗದಿಂದಲೇ ಫಲಿಸುವಂತೆ ಮಾಡಿದರೆ ಸಂತತಿ ಸೊರಗುತ್ತದೆ. ಹೀಗಾಗಿ ಒಂದು ತಳಿಯೆಂದರೆ ಹಲವು ತಾಯಿಗಿಡಗಳಿಂದ ಕೂಡಿದ ಒಂದು ಜನಸಮುದಾಯ. ಒಂದೇ ಹೊಲದ ಎರಡು ಗಿಡಗಳು ಒಂದೇ ತೆರನಾಗಿರುವುದಿಲ್ಲ.

ಇದರ ಮೇಲೆ ಇನ್ನೊಂದು ತೊಡಕು. ನಮ್ಮಲ್ಲಿ, ಮೆಂಡಲನ ಬಟಾಣಿಯಲ್ಲಿ, ಪ್ರತಿ ವರ್ಣತಂತುವಿಗೂ ಒಂದು ಜೊತೆಯುಂಟು. ಕುದುರೆ ಮೆಂತೆಯಲ್ಲಿ ಒಂದೊಂದೂ ನಾಲ್ಕು ನಾಲ್ಕಾಗಿದ್ದು ಒಟ್ಟು 32 ವರ್ಣತಂತುಗಳಿವೆ. ಇದರ ಪರಿಣಾಮವನ್ನು ವಿದ್ಯಾರ್ಥಿಗಳು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ರೋಗವನ್ನು ತಡೆಯುವ ಒಂದು ಪ್ರಬಲ ಜೀನು ಇದೆ, ಅದರ ಒಂದೇ ಪ್ರತಿ ಇದ್ದರೂ ಗಿಡ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ಹೊಲದಲ್ಲಿರುವ ಜೀನುಗಳಲ್ಲಿ ನೂರಕ್ಕೆ ಎಂಬತ್ತು ದುರ್ಬಲವಾದವು, ಇಪ್ಪತ್ತು ಮಾತ್ರ ಪ್ರಬಲವಾದವು ಎನ್ನೋಣ. ಗಿಡವೊಂದು ರೋಗಕ್ಕೆ ಈಡಾಗಬೇಕಾದರೆ ಅದರ ನಾಲ್ಕೂ ಪ್ರತಿಗಳು ದುರ್ಬಲವಾಗಿರಬೇಕು. 0.8ನ್ನು ನಾಲ್ಕು ಸಲ ಗುಣಿಸಿದರೆ 0.41. ಅಂದರೆ ನೂರರಲ್ಲಿ 41 ಗಿಡ ಸಾಯುತ್ತವೆ, 59 ಉಳಿಯುತ್ತವೆ. ಐದರಲ್ಲಿ ನಾಲ್ಕು ಪಾಲು ಜೀನುಗಳು ಸೋಲುವ ಪಕ್ಷದಲ್ಲಿದ್ದರೂ ತಳಿ ‘ಅತಿ ನಿರೋಧಕ’! ದುರ್ಬಲ ಜೀನು ಪ್ರಬಲದ ಬೆನ್ನ ಹಿಂದೆ ಅಡಗಿ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತಲೇ ಇರುತ್ತದೆ. ಅದನ್ನು ಪೂರ್ತಿ ತೊಡೆದುಹಾಕಲು ಹೊರಟರೆ ಕೆಲವೇ ಗಿಡಗಳನ್ನು ಉಳಿಸಿಕೊಂಡು ಅವುಗಳ ಒಳಗೊಳಗೇ ಸಂಬಂಧ ಬೆಳೆಸಬೇಕಾಗುತ್ತದೆ. ಆಗ ರೋಗ ಹೋದೀತು, ಬೆಳೆಯ ಕಸುವೂ ಅದರೊಡನೆ ಹೋದೀತು.

ಇಷ್ಟಕ್ಕೂ ಅರ್ಧ ಸಾಕು. ಕುದುರೆ ಮೆಂತೆಯನ್ನು ದಟ್ಟವಾಗಿ ಬಿತ್ತುತ್ತಾರೆ. ಹುಟ್ಟಿದ ಸಸಿಗಳಲ್ಲಿ ಬಹುಪಾಲು ರೋಗವಿಲ್ಲದಿದ್ದರೂ ನೆರೆಯವರ ಒತ್ತಡದಿಂದಲೇ ಸಾಯುವಂಥವು. ದುರ್ಬಲವಾದುದು ಸತ್ತ ಜಾಗವನ್ನು ಪಕ್ಕದ ಗಿಡ ಕವಲೊಡೆದು ತುಂಬಿಕೊಳ್ಳುತ್ತದೆ. ರೋಗಿಯಿಂದ ರೋಗಿಗೆ ಹಾರಬೇಕಾದ ರೋಗವು ನಡುವೆ ಆರೋಗ್ಯವಂತರನ್ನು ದಾಟಬೇಕಾಗಿ ಬರುವುದರಿಂದ ಅದರ ನಡೆ ನಿಧಾನವಾಗುತ್ತದೆ. ರೇಂಜರ್, ಬಫೆಲೊಗಳು ಬಂದು ಎಂಬತ್ತು ವರ್ಷಗಳ ಮೇಲಾಯಿತು. ಒಂದು ಕಾಲಕ್ಕೆ ಹೊಲಗಳನ್ನೇ ನುಂಗಿದ ಆ ಸೊರಗು ರೋಗವನ್ನು ಇಂದಿನ ಅಮೆರಿಕದ ಹೊಲಗಳಲ್ಲಿ ಕಾಣುವುದೇ ಅಪೂರ್ವ.

ಎಲ್ಲ ಶತ್ರುಗಳೂ ಇಷ್ಟು ಮರ್ಯಾದಸ್ಥರಲ್ಲ. 1954ರಲ್ಲಿ ನ್ಯೂ ಮೆಕ್ಸಿಕೊ ಸಂಸ್ಥಾನದಲ್ಲಿ ಚುಕ್ಕೆಯ ಗಿಡಹೇನು ಎಂಬ ಹೊಸ ಪೀಡೆ ಕಾಣಿಸಿಕೊಂಡಿತು. ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಈ ಕೀಟ ಎಲೆಯ ರಸವನ್ನು ಹೀರುವುದರ ಜೊತೆಗೆ ಗಿಡಕ್ಕೆ ವಿಷವನ್ನೂ ಊಡುತ್ತದೆ. ಅಂಟಾದ ಸಿಹಿರಸವನ್ನು ಸುರಿಸಿ ಮೇವನ್ನು ಕೆಡಿಸುತ್ತದೆ. ಹೆಣ್ಣು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತದೆ. ವರ್ಷದಲ್ಲಿ ಹಲವಾರು ತಲೆಮಾರು. ಕೆಲವೇ ವರ್ಷಗಳಲ್ಲಿ ಅದು ದೇಶದ ಬಹುಭಾಗವನ್ನು ವ್ಯಾಪಿಸಿತು. ರೈತರು ವಿಷ ಸಿಂಪಡಿಸಿದರು. ವಿಷವು ಹೇನನ್ನು ಕೊಂದಂತೆ ಹೇನನ್ನು ತಿನ್ನುವ ಗುಲಗಂಜಿ ಹುಳುಗಳನ್ನೂ ಕೊಂದಿತು. ಕ್ಯಾಲಿಫೋರ್ನಿಯದಲ್ಲಿ ವಿಷಕ್ಕೆ ಬಗ್ಗದ ಹೇನುಗಳೂ ಹುಟ್ಟಿಕೊಂಡವು.

ಅಷ್ಟರಲ್ಲಿ ಒಂದು ಸ್ವಾರಸ್ಯ ನಡೆಯಿತು. ಅದೇ 1954ರಲ್ಲಿ ನೆವಾಡದಿಂದ ಲಾಹೊಂಟನ್ ಎಂಬ ತಳಿ ಹೊರಬಿದ್ದಿತ್ತು. ಕಾಂಡವನ್ನು ಹೊಗುವ ಜಂತುಹುಳುವನ್ನು ತಡೆಯಲೆಂದು ತುರ್ಕಿಸ್ತಾನ ಮೂಲದ ಗಿಡಗಳಿಂದ ಅದನ್ನು ಕಟ್ಟಿದ್ದರು. ಹೇನು ಬಂದು ಎಲ್ಲ ಹೊಲಗಳನ್ನೂ ಒಣಗಿಸಿದಾಗ ಲಾಹೊಂಟನ್ ಹೊಲಗಳು ಹಸಿರಾಗಿಯೇ ಇದ್ದವು. ಯಾರೂ ಬಯಸದೆ ಬಂದ ಭಾಗ್ಯವಿದು. 1957ರಲ್ಲಿ ಹೇನಿಗೆಂದೇ ಆರಿಸಿದ ಮೊಯಾಪ ತಳಿ ಬಂದಿತು. ಆದರೆ ಕೆಲವೇ ವರ್ಷಗಳಲ್ಲಿ ಮೊಯಾಪದ ಮೇಲೆಯೂ ಸುಖವಾಗಿ ಬಾಳಬಲ್ಲ ಹೇನಿನ ಹೊಸ ಪಂಗಡಗಳು ತಲೆದೋರಿದವು. ಸೂಕ್ಷ್ಮಜೀವಿಯ ಮೇಲೆ ಎಂಬತ್ತು ವರ್ಷ ನಿಂತ ಕೋಟೆ ಹೇನಿನ ಮುಂದೆ ಕೆಲವೇ ವರ್ಷಗಳಲ್ಲಿ ಬಿರುಕು ಬಿಟ್ಟಿತು.

ಇದನ್ನು ಕಂಡು ತಳಿಶಾಸ್ತ್ರದ ಸೋಲೆಂದು ಸಾರುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಕ್ಯಾಲಿಫೋರ್ನಿಯದ ಕೀಟಶಾಸ್ತ್ರಜ್ಞರು ಈ ಹೇನಿನ ಹಾವಳಿಯಿಂದಲೇ ಒಂದು ದೊಡ್ಡ ಪಾಠ ಕಲಿತರು: ನಿರೋಧಕ ತಳಿ, ಹೇನಿನ ಮೈಯೊಳಗೆ ಮೊಟ್ಟೆಯಿಡುವ ಸಣ್ಣ ಕಣಜಗಳು, ತೀರ ಅಗತ್ಯವಾದಾಗ ಮಾತ್ರ ಆಯ್ದ ಔಷಧದ ಅಲ್ಪ ಪ್ರಮಾಣ — ಈ ಮೂರನ್ನೂ ಒಟ್ಟಿಗೆ ಬಳಸಬೇಕೆಂದು. 1959ರಲ್ಲಿ ಅವರು ಪ್ರಕಟಿಸಿದ ಪ್ರಬಂಧವೇ ಇಂದು ಲೋಕವೆಲ್ಲ ಮಾತನಾಡುವ ಸಮಗ್ರ ಪೀಡೆ ನಿಯಂತ್ರಣದ ಬುನಾದಿ. ಈ ಏರ್ಪಾಡಿನಲ್ಲಿ ತಳಿಯು ಹೇನನ್ನು ನಿರ್ಮೂಲ ಮಾಡಬೇಕಾಗಿಲ್ಲ. ಅದರ ವೃದ್ಧಿಯನ್ನು ತುಸು ತಡೆದರೆ ಸಾಕು. ಉಳಿದುದನ್ನು ಕಣಜವೂ ಗುಲಗಂಜಿ ಹುಳುವೂ ನೋಡಿಕೊಳ್ಳುತ್ತವೆ. ಹೇನೇ ಇಲ್ಲವಾದರೆ ಅವುಗಳಿಗೆ ಆಹಾರವೆಲ್ಲಿ?

ಸಿಂಪಡಿಸಿ ಮುಗಿಸಿದರಾಯಿತು ಎನ್ನುವವರಿಗೆ ಹಾಲಿನ ಲೋಟವನ್ನು ತೋರಿಸಬೇಕು. ಮೇವಿನ ಮೇಲೆ ಬಿದ್ದುದು ಹಸುವಿನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕುದುರೆ ಮೆಂತೆಯ ಸೊಂಡಿಲು ಹುಳುವಿಗೆ ಅಮೆರಿಕದಲ್ಲಿ ಹೆಪ್ಟಾಕ್ಲೋರ್ ಎಂಬ ವಿಷವನ್ನು ಬಳಸುತ್ತಿದ್ದರು. ಅದರ ಶೇಷ ಹಾಲಿನ ಕೊಬ್ಬಿನಲ್ಲಿ ಸೇರಿ ಬರುತ್ತದೆಂದು ತಿಳಿದ ಮೇಲೆ 1960ರ ದಶಕದಲ್ಲಿ ಆ ಬಳಕೆಯನ್ನು ಕೈಬಿಡಬೇಕಾಯಿತು. ಅನ್ನದ ಬೆಳೆಗೆ ಹೊಡೆದ ವಿಷ ಕುಯಿಲಿನ ಹೊತ್ತಿಗೆ ತಿಂಗಳುಗಟ್ಟಲೆ ಬಿಸಿಲುಮಳೆ ಕಂಡಿರಬಹುದು. ತಿಂಗಳಿಗೊಮ್ಮೆ ಕುಯ್ಯುವ ಮೇವಿಗೆ ಆ ವ್ಯವಧಾನವೆಲ್ಲಿ? ಮಕ್ಕಳು ಕುಡಿಯುವ ಹಾಲು ಶುದ್ಧವಾಗಿರಬೇಕಾದರೆ ಮೇವಿನ ರಕ್ಷಣೆ ಆದಷ್ಟೂ ಬೀಜದೊಳಗೇ ಇರಬೇಕು ಎಂಬುದು ನಮ್ಮ ದೃಢವಾದ ಮತ.

ಆದರೆ ಬೀಜವೇ ಎಲ್ಲವನ್ನೂ ಮಾಡೀತೆಂದು ನಾವು ಹೇಳುತ್ತಿಲ್ಲ. ಅದೇ ಸೊಂಡಿಲು ಹುಳುವನ್ನು ನೋಡಿ. 1904ರಲ್ಲಿ ಯೂಟ ಸಂಸ್ಥಾನದಲ್ಲಿ ಅಮೆರಿಕಕ್ಕೆ ಮೊದಲು ಪರಿಚಯವಾದ ಈ ಕೀಟಕ್ಕೆ ಗಟ್ಟಿಯಾಗಿ ನಿಲ್ಲುವ ತಳಿಯನ್ನು ದಶಕಗಳ ಕಾಲ ಹುಡುಕಿದರೂ ತೃಪ್ತಿಕರವಾದುದು ದೊರೆಯಲಿಲ್ಲ. ಅದನ್ನು ಹತೋಟಿಗೆ ತಂದವು ಯೂರೋಪಿನಿಂದ ತಂದು ಬಿಟ್ಟ ಪರಾವಲಂಬಿ ಕಣಜಗಳು ಮತ್ತು ಹುಳು ಬಲಿಯುವ ಮೊದಲೇ ಬೆಳೆಯನ್ನು ಕುಯ್ದುಬಿಡುವ ಜಾಣತನ. ರಸ ಹೀರುವ ಜಿಗಿಹುಳುವಿನ ವಿಷಯದಲ್ಲಿ ಕಾಡುಸಂಬಂಧಿಗಳು ನೆರವಿಗೆ ಬಂದವು. ಅಂಟುರೋಮಗಳಿಂದ ಕೂಡಿದ ಅವುಗಳ ಗುಣವನ್ನು ಕೂಡಿಸಿಕೊಂಡ ತಳಿಗಳು 1997ರಲ್ಲಿ ಮಾರುಕಟ್ಟೆಗೆ ಬಂದವು.

ಆಸ್ಟ್ರೇಲಿಯದ ಕಥೆಯನ್ನೂ ಹೇಳಬೇಕು. ಅಲ್ಲಿ ಹಂಟರ್ ರಿವರ್ ಎಂಬ ಒಂದೇ ತಳಿ ಬಹುಕಾಲ ಕುದುರೆ ಮೆಂತೆಯ ಹೊಲಗಳನ್ನೆಲ್ಲ ಆಳಿತ್ತು. ಚೆನ್ನಾಗಿಯೇ ಬೆಳೆಯುತ್ತಿತ್ತು, ಬದಲಿಸುವ ಅಗತ್ಯ ಯಾರಿಗೂ ಕಂಡಿರಲಿಲ್ಲ. 1977ರಲ್ಲಿ ಅದೇ ಚುಕ್ಕೆಯ ಹೇನು ಅಲ್ಲಿಗೂ ಬಂದಿಳಿದಾಗ ಹಂಟರ್ ರಿವರ್ ತಡೆಯಲಾರದೆ ಹೋಯಿತು. ಅಮೆರಿಕದಲ್ಲಿ ಇಪ್ಪತ್ತು ವರ್ಷಗಳಿಂದ ಗೊತ್ತಿದ್ದ ಶತ್ರು ಅದು. ಮೊದಲು ಅಮೆರಿಕದ ಬೀಜವನ್ನು ತರಿಸಿಕೊಂಡು, ಅನಂತರ ತಮ್ಮದೇ ನಿರೋಧಕ ತಳಿಗಳನ್ನು ಕಟ್ಟಿ ಆಸ್ಟ್ರೇಲಿಯನ್ನರು ಚೇತರಿಸಿಕೊಂಡರು. ಹೊಲ ಹಸಿರಾಗಿರುವಾಗ ತಳಿಕಾರನಿಗೆ ಸಂಬಳ ಕೊಡುವುದು ದಂಡವೆಂದು ತೋರುತ್ತದೆ. ಹೊಲ ಒಣಗಿದ ಮೇಲೆ ಅವನನ್ನು ಕರೆದರೆ ಅವನಿಗೆ ಹತ್ತು ವರ್ಷ ಬೇಕು.

ಈ ಕಾರಣದಿಂದ ಇಂದಿನ ಪ್ರವೃತ್ತಿಯೊಂದು ನಮಗೆ ಕಳವಳ ಉಂಟುಮಾಡುತ್ತದೆ. ರೇಂಜರ್, ಲಾಹೊಂಟನ್, ಮೊಯಾಪಗಳೆಲ್ಲ ಸರ್ಕಾರದ ಮತ್ತು ವಿಶ್ವವಿದ್ಯಾಲಯಗಳ ಕೊಡುಗೆಗಳು. ಈಗ ಅಮೆರಿಕದ ಹೊಸ ತಳಿಗಳಲ್ಲಿ ಬಹುಪಾಲು ಖಾಸಗಿ ಕಂಪನಿಗಳಿಂದ ಬರುತ್ತವೆ. ಅವು ಒಳ್ಳೆಯ ತಳಿಗಳೇ. ಆದರೆ ಕುದುರೆ ಮೆಂತೆಗೆ ಜೀನು ತಂತ್ರವನ್ನು ಅನ್ವಯಿಸಿ ಅನುಮತಿ ಪಡೆದಾಗ, 2005ರಲ್ಲಿ ಬಂದುದು ಕಳೆನಾಶಕವನ್ನು ತಾಳಿಕೊಳ್ಳುವ ಗುಣ. ಅನಂತರ ಬಂದುದು ಕಾಂಡದ ನಾರನ್ನು ಮೆದುಗೊಳಿಸುವ ಗುಣ. ಪೀಡೆಗಳ ವಿಷಯದಲ್ಲಿ ಇಂದಿಗೂ ಆ ಹಳೆಯ ಜರಡಿಯೇ ಗತಿ. ಕಂಪನಿಯು ಮುಂದಿನ ವರ್ಷ ಮಾರಬಹುದಾದುದನ್ನು ಹುಡುಕುತ್ತದೆ. ಅದು ಅದರ ಧರ್ಮ. ಇನ್ನೂ ಹೆಸರೇ ಇಲ್ಲದ ರೋಗಕ್ಕಾಗಿ ಮೂವತ್ತು ವರ್ಷ ಬೀಜವನ್ನು ಕಾಯ್ದಿಡುವುದು ಯಾವ ಲೆಕ್ಕಪತ್ರದಲ್ಲಿಯೂ ಲಾಭವಾಗಿ ಕಾಣುವುದಿಲ್ಲ. ಆ ಕೆಲಸವನ್ನು ಸಾರ್ವಜನಿಕರ ಹಣದಿಂದಲೇ ಮಾಡಬೇಕು.

ನಮ್ಮ ದೇಶದಲ್ಲಿ 1962ರಲ್ಲಿ ಝಾನ್ಸಿಯಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನ ಸಂಸ್ಥೆ ಸ್ಥಾಪನೆಯಾಯಿತು. ಅದರ ದಕ್ಷಿಣದ ಕೇಂದ್ರ ಧಾರವಾಡದಲ್ಲಿದೆ. ಗುಜರಾತಿನ ಆನಂದ್-2, ರಾಹುರಿಯ ಆರ್‌ಎಲ್-88, ಕೊಯಮತ್ತೂರಿನ ಸಿಒ-1 ಮೊದಲಾದ ಕುದುರೆ ಮೆಂತೆಯ ತಳಿಗಳು ನಮ್ಮಲ್ಲಿಯೂ ಹುಟ್ಟಿವೆ. ಉತ್ತರ ಭಾರತದ ಹೊಲಗಳಲ್ಲಿ ಅದೇ ಸೊಂಡಿಲು ಹುಳು ಕಾಟ ಕೊಡುತ್ತಲೂ ಇದೆ. ಲಡಾಖಿನ ಬೀಜ ರೇಂಜರಿನ ರಕ್ತದಲ್ಲಿ ಸೇರಿ ಅಮೆರಿಕದ ಹೊಲಗಳನ್ನು ಕಾಯ್ದಿತು. ಆ ಬೀಜ ಹೋದ ಹಳ್ಳಿಗಳ ಹೊಲಗಳನ್ನು ನಮ್ಮ ತಳಿಕಾರರು ಮತ್ತೊಮ್ಮೆ, ಮನೆಮನೆಯಾಗಿ, ಸುತ್ತಿ ಬರಬೇಕು. ಅದೇ ರೀತಿ, ಹೊಸ ತಳಿಯನ್ನು ತೂಗುವಾಗ ಮೊದಲ ವರ್ಷದ ಹಸಿರು ಮೇವಿನ ತೂಕವೊಂದನ್ನೇ ನೋಡದೆ, ಮೂರನೆಯ ವರ್ಷದ ಕೊನೆಗೆ ಚದರ ಗಜಕ್ಕೆ ಎಷ್ಟು ಗಿಡ ಉಳಿದಿದೆ ಎಂಬ ಸಂಖ್ಯೆಯನ್ನೂ ರೈತನಿಗೆ ಅಚ್ಚುಮಾಡಿ ಕೊಡಬೇಕು. ಹಸು ಸಾಕಿದವನಿಗೆ ಆ ಸಂಖ್ಯೆ ಎಲ್ಲ ದರ್ಜೆಗಳಿಗಿಂತ ಹೆಚ್ಚು ಅರ್ಥವಾಗುತ್ತದೆ.

ಊರಿನಲ್ಲಿ ಕುದುರೆ ಮೆಂತೆಯ ಪಾತಿಯಿರುವ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಹಿಡಿಯಬಹುದು. ಒಂದು ಚದರ ಗಜ ಜಾಗಕ್ಕೆ ನಾಲ್ಕು ಗೂಟ ನೆಟ್ಟು, ಆರು ತಿಂಗಳಿಗೊಮ್ಮೆ ಗಿಡಗಳನ್ನು ಎಣಿಸಿ ಬರೆದಿಡಬೇಕು. ಸತ್ತ ಗಿಡವನ್ನು ಎಸೆಯದೆ ಬೇರನ್ನು ತೊಳೆದು ಅಡ್ಡಲಾಗಿ ಕತ್ತರಿಸಿ ನೋಡಬೇಕು: ನೀರು ನಿಂತು ಕೊಳೆತಿದೆಯೋ, ಒಳಗಿನ ನಾಳಗಳು ಕಂದಿವೆಯೋ, ಹುಳು ಕೊರೆದಿದೆಯೋ. ಅದರ ಪಕ್ಕದಲ್ಲಿಯೇ ಹಸಿರಾಗಿ ನಿಂತ ಗಿಡಕ್ಕೆ ಒಂದು ಬಣ್ಣದ ದಾರ ಕಟ್ಟಿ, ಅದನ್ನು ಮಾತ್ರ ಕುಯ್ಯದೆ ಹೂವಿಗೆ ಬಿಟ್ಟು, ಬೀಜವನ್ನು ಬೇರೆಯಾಗಿ ತೆಗೆದಿಡಬೇಕು.